ಅಲರ್ಜಿ: ಹಳೆಯ ಬಾಧೆ, ಹೊಸ ಹೆಸರು

ಒಂದೇ ಪಂಕ್ತಿಯಲ್ಲಿ ಕುಳಿತು ಒಂದೇ ಪ್ರಸಾದವನ್ನು ಸ್ವೀಕರಿಸಿದ ಹತ್ತು ಜನರಲ್ಲಿ ಒಂಬತ್ತು ಜನರು ತೃಪ್ತರಾಗಿ ಎದ್ದು ಹೋಗುತ್ತಾರೆ. ಹತ್ತನೆಯವರ ಮೈಮೇಲೆ ಮಾತ್ರ ಗಂಧೆಗಳೇಳುತ್ತವೆ, ತುಟಿ ಬಾತುಕೊಳ್ಳುತ್ತದೆ. ಒಂದೇ ಹೊಲದ ಬದುವಿನ ಮೇಲೆ ನಡೆದುಬಂದ ಇಬ್ಬರು ಸೋದರರಲ್ಲಿ ಒಬ್ಬನಿಗೆ ಏನೂ ಆಗದು. ಇನ್ನೊಬ್ಬನು ರಾತ್ರಿಯೆಲ್ಲ ಸೀನುತ್ತ, ಉಬ್ಬಸಪಡುತ್ತ ಹಾಸಿಗೆಯಲ್ಲಿ ಎದ್ದು ಕುಳಿತಿರುತ್ತಾನೆ. ಅನ್ನ ಒಂದೇ, ಗಾಳಿ ಒಂದೇ. ಹಾಗಾದರೆ ದೋಷವೆಲ್ಲಿದೆ? ಈ ಪ್ರಶ್ನೆಯನ್ನು ಮನುಷ್ಯನು ಎರಡು ಸಾವಿರ ವರ್ಷಗಳಿಗೂ ಹಿಂದಿನಿಂದ ಕೇಳಿಕೊಳ್ಳುತ್ತ ಬಂದಿದ್ದಾನೆ. ಇಂದು ಅದಕ್ಕೆ 'ಅಲರ್ಜಿ' ಎಂಬ ಒಂದು ಮಾತಿನ ಉತ್ತರ ಹೇಳಿ ಸುಮ್ಮನಾಗುವುದು ರೂಢಿಯಾಗಿದೆ. ಆ ಮಾತಿನ ಹಿಂದಿರುವ ದೀರ್ಘ ಇತಿಹಾಸವನ್ನೂ, ಅದು ನಮ್ಮ ದೊಡ್ಡಬಳ್ಳಾಪುರ, ದೇವನಹಳ್ಳಿ, ಹೊಸಕೋಟೆ, ನೆಲಮಂಗಲ ಸೀಮೆಯ ಮನೆಗಳ ಹೊಸಿಲಿಗೆ ಬಂದು ನಿಂತ ಬಗೆಯನ್ನೂ ವಾಚಕರ ಮುಂದಿಡುವುದು ಈ ಲೇಖನದ ಉದ್ದೇಶ.

ಪ್ರಾಚೀನರ ಅರಿವು

ಅಲರ್ಜಿ ಎಂಬ ಪದ ಕನ್ನಡಕ್ಕೆ ಹೊಸದು, ಬಾಧೆ ಹೊಸದಲ್ಲ. ಗೂರಲು, ಉಬ್ಬಸ, ದಮ್ಮು, ಪಿತ್ತದ ಗಂಧೆ, ನಂಜು ಎಂಬ ಮಾತುಗಳು ನಮ್ಮ ಹಳ್ಳಿಗಳಲ್ಲಿ ತಲತಲಾಂತರದಿಂದ ಬಳಕೆಯಲ್ಲಿವೆ. 'ಈ ಪದಾರ್ಥ ನನಗೆ ಒಗ್ಗದು', 'ಈ ಊರಿನ ನೀರು ನನಗೆ ಆಗಿಬರದು' ಎಂದು ಹಿರಿಯರು ಹೇಳುವಾಗ, ವಸ್ತುವಿಗೂ ದೇಹಕ್ಕೂ ನಡುವೆ ಏನೋ ಒಂದು ಹೊಂದಾಣಿಕೆ ತಪ್ಪಿದೆಯೆಂಬ ತಿಳಿವಳಿಕೆ ಆ ಮಾತಿನಲ್ಲಿಯೇ ಅಡಗಿದೆ.

ಆಯುರ್ವೇದದ ಆಚಾರ್ಯರು ಇದನ್ನು 'ಸಾತ್ಮ್ಯ' ಮತ್ತು 'ಅಸಾತ್ಮ್ಯ' ಎಂಬ ಪರಿಭಾಷೆಯಲ್ಲಿ ವಿವರಿಸಿದರು. ಚರಕಸಂಹಿತೆಯು ಶ್ವಾಸರೋಗದ ಕಾರಣಗಳನ್ನು ಹೇಳುವಾಗ ಧೂಳು, ಹೊಗೆ, ಗಾಳಿ, ಶೀತಲವಾದ ಸ್ಥಳ, ತಣ್ಣೀರು ಇವುಗಳನ್ನು ಎಣಿಸುತ್ತದೆ. ತಮಕಶ್ವಾಸವೆಂಬ ಭೇದವನ್ನು ವರ್ಣಿಸುತ್ತ, ರೋಗಿಯು ಮಲಗಿದರೆ ಕಷ್ಟಪಡುತ್ತಾನೆ, ಕುಳಿತರೆ ಸ್ವಲ್ಪ ಸುಖಪಡುತ್ತಾನೆ, ಮೋಡ ಕವಿದಾಗಲೂ ಮಳೆ ಬಂದಾಗಲೂ ಮೂಡಣ ಗಾಳಿ ಬೀಸಿದಾಗಲೂ ಬಾಧೆ ಉಲ್ಬಣಿಸುತ್ತದೆ ಎನ್ನುತ್ತದೆ. ಉಬ್ಬಸದವರ ಮನೆಯಲ್ಲಿ ಒಂದು ರಾತ್ರಿ ಕಳೆದವರಿಗೆ ಈ ವರ್ಣನೆ ಎಷ್ಟು ಯಥಾರ್ಥವೆಂಬುದು ತಿಳಿದೀತು. ತರುವಾಯದ ಮಾಧವನಿದಾನವು ಶೀತಪಿತ್ತ, ಉದರ್ದ, ಕೋಠಗಳಿಗೆ ಪ್ರತ್ಯೇಕ ಅಧ್ಯಾಯವನ್ನೇ ಮೀಸಲಿಟ್ಟು, ಕಣಜ ಕಚ್ಚಿದಂತೆ ಚರ್ಮದ ಮೇಲೆ ಊತಗಳೇಳುವುದನ್ನು ಹೇಳಿದೆ. ನಾವು ಗಂಧೆಯೆನ್ನುವುದು ಇದನ್ನೇ.

ಕನ್ನಡದಲ್ಲಿಯೂ ವೈದ್ಯಗ್ರಂಥಗಳಿಗೆ ಕೊರತೆಯಿರಲಿಲ್ಲ. ವಿಜಯನಗರದ ಆರಂಭಕಾಲದಲ್ಲಿದ್ದ ಮಂಗರಾಜನು ವಿಷವೈದ್ಯವನ್ನೇ ವಸ್ತುವಾಗಿಸಿಕೊಂಡು 'ಖಗೇಂದ್ರಮಣಿದರ್ಪಣ'ವನ್ನು ರಚಿಸಿದನು. ಇದು ಅಲರ್ಜಿಯ ಗ್ರಂಥವಲ್ಲ. ಆದರೂ ಮೈ ಕೆರೆದರೆ, ಬಾತರೆ ಅದನ್ನು 'ನಂಜು' ಎಂದು ಕರೆಯುವ ನಮ್ಮ ಜನರ ರೂಢಿಯನ್ನು ನೋಡಿದಾಗ, ಒಗ್ಗದ ವಸ್ತುವನ್ನು ವಿಷದ ಸಾಲಿಗೆ ಸೇರಿಸಿ ಯೋಚಿಸುವ ಪರಂಪರೆ ಎಷ್ಟು ಗಟ್ಟಿಯಾದುದೆಂದು ಮನವರಿಕೆಯಾಗುತ್ತದೆ.

ಹೊರನಾಡುಗಳಲ್ಲಿಯೂ ಇದೇ ಅನುಭವ. ಗ್ರೀಸಿನ ಹಿಪೊಕ್ರೆಟಿಸನ ಹೆಸರಿನಲ್ಲಿರುವ ಗ್ರಂಥಗಳಲ್ಲಿ, ಗಿಣ್ಣನ್ನು ಕೆಲವರು ಹೊಟ್ಟೆ ತುಂಬ ತಿಂದರೂ ಕೇಡಾಗುವುದಿಲ್ಲ, ಕೆಲವರು ಸ್ವಲ್ಪ ತಿಂದರೂ ನರಳುತ್ತಾರೆ ಎಂಬ ವಿಚಾರವಿದೆ. ಪರ್ಷಿಯಾದ ಮಹಾವೈದ್ಯ ಅಲ್‌ ರಾಜಿಯು ಸುಮಾರು ಸಾವಿರದ ನೂರು ವರ್ಷಗಳ ಹಿಂದೆ, ವಸಂತದಲ್ಲಿ ಗುಲಾಬಿಯನ್ನು ಮೂಸಿದೊಡನೆ ವಿದ್ವಾಂಸನೊಬ್ಬನಿಗೆ ನೆಗಡಿ ಹತ್ತುವುದೇಕೆಂದು ಒಂದು ಪ್ರಬಂಧವನ್ನೇ ಬರೆದನು.

ಇಷ್ಟೆಲ್ಲ ಸೂಕ್ಷ್ಮವಾಗಿ ನೋಡಿದ್ದರೂ ಬಾಧೆಯ ಮೂಲವನ್ನು ಹಳಬರು ಬಹುಮಟ್ಟಿಗೆ ರೋಗಿಯ ಪ್ರಕೃತಿಯಲ್ಲಿಯೇ ಹುಡುಕಿದರು. ಅವನ ಕಫ ಹೆಚ್ಚು, ಅವನ ರಕ್ತ ಕೆಟ್ಟಿದೆ, ಅವನ ದೇಹವೇ ದುರ್ಬಲ ಎಂದರು. ಶಾಸ್ತ್ರಕಾರರು ಸೌಮ್ಯವಾಗಿ ಹೇಳಿದ ಮಾತು ಜನರ ಬಾಯಲ್ಲಿ ನಿಂದೆಯಾಯಿತು. ಆ ನಿಂದೆ ಇನ್ನೂ ನಮ್ಮ ಮನೆಗಳನ್ನು ಬಿಟ್ಟುಹೋಗಿಲ್ಲ.

ಹೆಸರು ಹುಟ್ಟಿದ ಬಗೆ

೧೮೧೯ರಲ್ಲಿ ಲಂಡನ್ನಿನ ವೈದ್ಯ ಜಾನ್ ಬೊಸ್ಟಾಕ್ ಎಂಬವನು ಪ್ರತಿ ಬೇಸಗೆಯಲ್ಲಿಯೂ ತನಗೆ ಬರುತ್ತಿದ್ದ ಕಣ್ಣುರಿ, ಸೀನು, ಎದೆಬಿಗಿತಗಳನ್ನು ವೈದ್ಯಸಭೆಯ ಮುಂದೆ ವಿವರಿಸಿದನು. ಜನರು ಅದನ್ನು ಹುಲ್ಲುಜ್ವರವೆಂದು ಕರೆದರು. ಕಾರಣ ಮಾತ್ರ ತಿಳಿಯಲಿಲ್ಲ. ಅದೇ ಬಾಧೆಯಿಂದ ನರಳುತ್ತಿದ್ದ ಮ್ಯಾಂಚೆಸ್ಟರಿನ ಚಾರ್ಲ್ಸ್ ಬ್ಲಾಕ್ಲಿ ಎಂಬ ವೈದ್ಯನು ಹುಲ್ಲಿನ ಹೂಗಳ ಪರಾಗವನ್ನು ಸಂಗ್ರಹಿಸಿ, ತನ್ನ ತೋಳಿನ ಚರ್ಮವನ್ನು ಗೀರಿ ಅಲ್ಲಿ ಅದನ್ನು ಹಚ್ಚಿಕೊಂಡನು. ಅಲ್ಲಿಯೇ ದದ್ದು ಎದ್ದಿತು. ಗಾಳಿಪಟಗಳನ್ನು ಹಾರಿಸಿ ಮೇಲಿನ ಗಾಳಿಯಲ್ಲಿಯೂ ಪರಾಗವಿದೆಯೆಂದು ತೋರಿಸಿದನು. ೧೮೭೩ರಲ್ಲಿ ಪ್ರಕಟವಾದ ಅವನ ಗ್ರಂಥದಿಂದ, ಕಣ್ಣಿಗೆ ಕಾಣದ ಒಂದು ಹೊರಗಿನ ವಸ್ತುವೇ ಈ ಬಾಧೆಗೆ ಕಾರಣವೆಂಬುದು ಸಾಧಿತವಾಯಿತು. ಇಂದಿಗೂ ಅಲರ್ಜಿ ತಜ್ಞರು ತೋಳಿನ ಮೇಲೆ ಚುಚ್ಚಿ ಮಾಡುವ ಪರೀಕ್ಷೆ ಅವನ ಪ್ರಯೋಗದ ವಂಶಕ್ಕೇ ಸೇರಿದುದು.

೧೯೦೨ರಲ್ಲಿ ಫ್ರಾನ್ಸಿನ ಶಾರ್ಲ್ ರಿಶೆ ಮತ್ತು ಪಾಲ್ ಪೋರ್ಟಿಯೆ ಎಂಬವರು ಇನ್ನೊಂದು ವಿಸ್ಮಯವನ್ನು ಕಂಡರು. ಕಡಲಜೀವಿಯೊಂದರ ವಿಷವನ್ನು ಒಮ್ಮೆ ಸಹಿಸಿಕೊಂಡ ನಾಯಿಗೆ ಕೆಲವು ವಾರಗಳ ಮೇಲೆ ಅದನ್ನೇ ಅತ್ಯಲ್ಪ ಪ್ರಮಾಣದಲ್ಲಿ ಕೊಟ್ಟಾಗ ನಾಯಿ ಕೆಲವೇ ನಿಮಿಷಗಳಲ್ಲಿ ಸತ್ತಿತು. ಮೊದಲ ಸಲದ ಪರಿಚಯ ದೇಹವನ್ನು ಕಾಪಾಡುವ ಬದಲು ಅದಕ್ಕೆ ಮಾರಕವಾಗಿತ್ತು. ಇದಕ್ಕೆ 'ಅನಾಫಿಲ್ಯಾಕ್ಸಿಸ್' ಎಂಬ ಹೆಸರಿಟ್ಟ ರಿಶೆಗೆ ೧೯೧೩ರಲ್ಲಿ ನೊಬೆಲ್ ಪ್ರಶಸ್ತಿ ದೊರೆಯಿತು. ಈ ನಡುವೆ ೧೯೦೬ರಲ್ಲಿ ವಿಯೆನ್ನಾದ ಮಕ್ಕಳ ವೈದ್ಯ ಕ್ಲೆಮೆನ್ಸ್ ಫಾನ್ ಪಿರ್ಕೆ, 'ಬೇರೆ' ಮತ್ತು 'ಕಾರ್ಯ' ಎಂಬ ಅರ್ಥದ ಎರಡು ಗ್ರೀಕ್ ಪದಗಳನ್ನು ಜೋಡಿಸಿ 'ಅಲರ್ಜಿ' ಎಂಬ ಶಬ್ದವನ್ನು ನಿರ್ಮಿಸಿದನು. ಒಮ್ಮೆ ಪರಿಚಯವಾದ ವಸ್ತುವಿಗೆ ದೇಹವು ಬೇರೆಯದೇ ಬಗೆಯಲ್ಲಿ ಪ್ರತಿಕ್ರಿಯಿಸುವುದು ಎಂಬುದು ಅದರ ಆಶಯ.

ಆ ಪ್ರತಿಕ್ರಿಯೆಯ ಕರ್ತೃ ಯಾರು? ೧೯೨೧ರಲ್ಲಿ ಜರ್ಮನಿಯ ಪ್ರಾಸ್ನಿಟ್ಸ್ ಎಂಬವನು, ಮೀನು ಒಗ್ಗದ ತನ್ನ ಸಹೋದ್ಯೋಗಿ ಕ್ಯುಸ್ಟ್ನರನ ರಕ್ತದ್ರವವನ್ನು ತನ್ನ ಚರ್ಮದೊಳಗೆ ಚುಚ್ಚಿಕೊಂಡು, ಮರುದಿನ ಅದೇ ಜಾಗಕ್ಕೆ ಮೀನಿನ ಸಾರವನ್ನು ಚುಚ್ಚಿಸಿಕೊಂಡನು. ಮೀನನ್ನು ನಿರಾತಂಕವಾಗಿ ತಿನ್ನುತ್ತಿದ್ದ ಅವನ ಚರ್ಮವೂ ಬಾತಿತು. ರಕ್ತದಲ್ಲಿರುವ ಏನೋ ಒಂದು ಈ ಕೆಲಸ ಮಾಡುತ್ತಿದೆಯೆಂದು ಸ್ಪಷ್ಟವಾಯಿತು. ಅದನ್ನು ಕೈಗೆ ಹಿಡಿದುಕೊಡಲು ಇನ್ನೂ ನಾಲ್ಕೂವರೆ ದಶಕಗಳು ಬೇಕಾದವು. ೧೯೬೬-೬೭ರ ಸುಮಾರಿಗೆ ಅಮೆರಿಕದಲ್ಲಿದ್ದ ಜಪಾನಿನ ಇಶಿಜಾಕಾ ದಂಪತಿಗಳೂ, ಸ್ವೀಡನ್ನಿನ ಯೋಹಾನ್ಸನ್ ಮತ್ತು ಬೆನ್ನಿಕ್ ಎಂಬವರೂ ಬೇರೆ ಬೇರೆಯಾಗಿ ಆ ಪ್ರತಿಕಾಯವನ್ನು ಗುರುತಿಸಿದರು. ೧೯೬೮ರಲ್ಲಿ ಅದಕ್ಕೆ 'ಐಜಿಇ' ಎಂಬ ಹೆಸರು ನಿಶ್ಚಯವಾಯಿತು.

ಇದರ ವ್ಯಾಪಾರವನ್ನು ಹೀಗೆ ತಿಳಿಯಬಹುದು. ದೇಹಕ್ಕೊಬ್ಬ ಕಾವಲುಗಾರನಿದ್ದಾನೆ. ರೋಗಾಣುಗಳೆಂಬ ಕಳ್ಳರನ್ನು ತಡೆಯುವುದು ಅವನ ಕೆಲಸ. ಕೆಲವರಲ್ಲಿ ಅವನು ಮನೆಗೆ ಬಂದ ನಿರಪರಾಧಿ ನೆಂಟನನ್ನೂ, ಎಂದರೆ ಪರಾಗವನ್ನೋ ಧೂಳನ್ನೋ ಕಡಲೆಕಾಯಿಯನ್ನೋ, ಕಳ್ಳನೆಂದು ಭ್ರಮಿಸಿ ಗುರುತು ಹಾಕಿಟ್ಟುಕೊಳ್ಳುತ್ತಾನೆ. ಆ ಗುರುತೇ ಐಜಿಇ. ನೆಂಟನು ಮತ್ತೆ ಬಂದಾಗ ಊರಿಗೆಲ್ಲ ಕೇಳುವಂತೆ ಕೂಗೆಬ್ಬಿಸುತ್ತಾನೆ. ಚರ್ಮ, ಮೂಗು, ಶ್ವಾಸನಾಳಗಳಲ್ಲಿರುವ ಮಾಸ್ಟ್ ಕಣಗಳಿಂದ ಹಿಸ್ಟಮಿನ್ ಮೊದಲಾದ ರಾಸಾಯನಿಕಗಳು ಹೊರಚೆಲ್ಲುತ್ತವೆ. ಸೀನು, ತುರಿಕೆ, ಊತ, ಉಬ್ಬಸಗಳು ಆ ಗದ್ದಲದ ಫಲ. ದೇಹವು ದುರ್ಬಲವಾಗಿರುವುದರಿಂದ ಅಲರ್ಜಿ ಬರುತ್ತದೆಂಬ ಮಾತು ಇಲ್ಲಿಗೆ ಬಿದ್ದುಹೋಗುತ್ತದೆ.

ನಮ್ಮ ಸೀಮೆಗೆ ಬಂದ ಬಿಳಿ ಹೂವು

ಈ ಶಾಸ್ತ್ರವೆಲ್ಲ ಎಲ್ಲೋ ದೂರದ ದೇಶದ್ದೆಂದು ವಾಚಕರು ಭಾವಿಸಬೇಕಾಗಿಲ್ಲ. ನಮ್ಮ ಹೊಲದ ಬದು, ರಸ್ತೆಯ ಅಂಚು, ಖಾಲಿ ನಿವೇಶನಗಳಲ್ಲೆಲ್ಲ ಹಬ್ಬಿರುವ ಪಾರ್ಥೇನಿಯಂ ಗಿಡವೇ ಇದಕ್ಕೆ ಸಾಕ್ಷಿ. ಅಮೆರಿಕ ಖಂಡದ ಉಷ್ಣಪ್ರದೇಶದ ಈ ಕಳೆಯನ್ನು ಭಾರತದ ಹೊಸ ಸಸ್ಯವೆಂದು ಪುಣೆಯಿಂದ ವರದಿ ಮಾಡಿದ್ದು ೧೯೫೬ರಲ್ಲಿ. ಅಮೆರಿಕದಿಂದ ತರಿಸಿದ ಗೋಧಿಯೊಡನೆ ಇದರ ಬೀಜ ಬಂದಿತೆಂಬುದು ಪ್ರಚಲಿತವಾದ ಮಾತು. ನಮ್ಮ ಜನರು ಇದನ್ನು 'ಕಾಂಗ್ರೆಸ್ ಗಿಡ'ವೆಂದು ಕರೆದರು. ಒಂದೊಂದು ಗಿಡವೂ ಸಾವಿರಾರು ಬೀಜಗಳನ್ನು ಉದುರಿಸುತ್ತದೆ. ದನಗಳು ಸಾಮಾನ್ಯವಾಗಿ ಮುಟ್ಟುವುದಿಲ್ಲ. ಹೀಗಾಗಿ ಎರಡು ದಶಕಗಳೊಳಗೆ ಅದು ಬೆಂಗಳೂರಿನ ಸುತ್ತಲ ಸೀಮೆಯನ್ನೆಲ್ಲ ವ್ಯಾಪಿಸಿತು.

ಒಂದೇ ಗಿಡ ಎರಡು ಬಗೆಯಲ್ಲಿ ಪೀಡಿಸುತ್ತದೆಂಬುದು ಗಮನಾರ್ಹ. ಅದರ ಎಲೆ, ಕಾಂಡಗಳ ಸೂಕ್ಷ್ಮ ರೋಮಗಳಲ್ಲಿರುವ 'ಪಾರ್ಥೇನಿನ್' ಎಂಬ ರಾಸಾಯನಿಕವು ಕಳೆ ಕೀಳುವ ರೈತರ ಮುಖ, ಕುತ್ತಿಗೆ, ಮೊಣಕೈ ಮಡಿಕೆಗಳಲ್ಲಿ ಚರ್ಮವನ್ನು ಕೆಂಪಾಗಿಸಿ, ಕ್ರಮೇಣ ಕಪ್ಪಾಗಿ ದಪ್ಪಗಟ್ಟಿಸುತ್ತದೆ. ಇದು ಐಜಿಇಯ ಕೆಲಸವಲ್ಲ. ರಕ್ತದ ಬಿಳಿಕಣಗಳು ಒಂದೆರಡು ದಿನ ತಡವಾಗಿ ತೋರುವ ಬೇರೊಂದು ಬಗೆಯ ಪ್ರತಿಕ್ರಿಯೆ. ಪುಣೆಯ ಚರ್ಮವೈದ್ಯ ಅರವಿಂದ ಲೋಣಕರ್ ಅವರು ೧೯೭೦ರ ದಶಕದಲ್ಲಿ ಇದನ್ನು ಜಗತ್ತಿನ ಗಮನಕ್ಕೆ ತಂದರು. ಇನ್ನು ಅದರ ಪರಾಗವು ಮೂಗಿನಲ್ಲಿ ಐಜಿಇಯ ಮೂಲಕ ನೆಗಡಿ, ಸೀನುಗಳನ್ನುಂಟುಮಾಡುತ್ತದೆ. ಬೆಂಗಳೂರಿನ ಭಾರತೀಯ ವಿಜ್ಞಾನ ಸಂಸ್ಥೆಯ ಪಿ. ವಿ. ಸುಬ್ಬರಾವ್ ಅವರ ತಂಡ ಈ ವಿಷಯದಲ್ಲಿ ವರ್ಷಗಟ್ಟಲೆ ದುಡಿಯಿತು. ಬೆಂಗಳೂರಿನ ಜನರಲ್ಲಿ ನೂರಕ್ಕೆ ಏಳು ಮಂದಿ ಈ ಪರಾಗದಿಂದ ಮೂಗಿನ ಅಲರ್ಜಿಗೆ ಗುರಿಯಾಗಿದ್ದಾರೆಂದು ೧೯೯೧ರಲ್ಲಿ ಪ್ರಕಟವಾದ ಸಂಶೋಧನೆ ತಿಳಿಸಿತು.

ನಿವಾರಣೆಯ ಯತ್ನಗಳೂ ನಮ್ಮ ನೆರೆಯಲ್ಲಿಯೇ ನಡೆದವು. ನೆಲಮಂಗಲ, ದೊಡ್ಡಬಳ್ಳಾಪುರಗಳಿಗೆ ಸಮೀಪದ ಹೆಸರಘಟ್ಟದಲ್ಲಿರುವ ಭಾರತೀಯ ತೋಟಗಾರಿಕಾ ಸಂಶೋಧನಾ ಸಂಸ್ಥೆಯ ಕೆ. ಪಿ. ಜಯಂತ್ ಅವರು, ಈ ಗಿಡದ ಎಲೆಯನ್ನು ತಿನ್ನುವ ಮೆಕ್ಸಿಕೋದ ಜೀರುಂಡೆಯನ್ನು ಪರೀಕ್ಷಿಸಿದರು. ೧೯೮೩ರಲ್ಲಿ ತರಿಸಿದ ಆ ಕೀಟವನ್ನು ೧೯೮೪ರಲ್ಲಿ ಬೆಂಗಳೂರಿನಲ್ಲಿ ಬಿಡುಗಡೆ ಮಾಡಲಾಯಿತು. ಮಳೆಗಾಲದಲ್ಲಿ ಪಾರ್ಥೇನಿಯಂ ಎಲೆಗಳು ಜರಡಿಯಂತಾಗಿರುವುದನ್ನು ಕಂಡವರು ಅದರ ಕೆಲಸವನ್ನು ಕಂಡಂತೆಯೇ. ಬೇಸಗೆಯಲ್ಲಿ ಕೀಟವು ಮಣ್ಣಿನಲ್ಲಿ ಅಡಗುವುದರಿಂದ ಗಿಡವು ಪೂರ್ಣ ನಾಶವಾಗದು. ಧಾರವಾಡದ ಕೃಷಿ ವಿಶ್ವವಿದ್ಯಾನಿಲಯದಲ್ಲಿ ೧೯೯೭ರಲ್ಲಿ ಈ ಒಂದು ಕಳೆಯ ಕುರಿತಾಗಿಯೇ ಪ್ರಥಮ ಅಂತರರಾಷ್ಟ್ರೀಯ ಸಮ್ಮೇಳನ ನಡೆಯಿತು. ಭತ್ತದ ತಳಿವಿಜ್ಞಾನಿ ಡಾ. ಎಂ. ಮಹದೇವಪ್ಪನವರು ಇದರ ನಿಯಂತ್ರಣಕ್ಕಾಗಿ ಬಹುವಾಗಿ ಶ್ರಮಿಸಿದವರು. ಇಂದಿಗೂ ಪ್ರತಿ ವರ್ಷ ಆಗಸ್ಟ್ ೧೬ರಿಂದ ೨೨ರವರೆಗೆ ದೇಶಾದ್ಯಂತ ಪಾರ್ಥೇನಿಯಂ ಜಾಗೃತಿ ಸಪ್ತಾಹ ನಡೆಯುತ್ತದೆ.

ರೇಷ್ಮೆಯ ಮನೆಯಲ್ಲಿ

ಹೊಲದಲ್ಲಿ ಕಳೆಯಾದರೆ ಮನೆಯೊಳಗೆ ಕಸುಬು. ದೇವನಹಳ್ಳಿ ತಾಲ್ಲೂಕಿನ ವಿಜಯಪುರ ರೇಷ್ಮೆಗೂಡಿಗೂ ನೂಲಿಗೂ ಹೆಸರಾದ ಊರು; ದೊಡ್ಡಬಳ್ಳಾಪುರ ನೇಕಾರರ ಊರು. ಗೂಡನ್ನು ಬಿಸಿನೀರಿನಲ್ಲಿ ಬೇಯಿಸಿ ಎಳೆ ತೆಗೆಯುವಾಗ ಗೂಡಿನ ಮತ್ತು ಕೋಶದ ಪ್ರೋಟೀನುಗಳು ಗಾಳಿಯಲ್ಲಿ ಸೇರುತ್ತವೆ. ಮೊಟ್ಟೆ ತಯಾರಿಸುವಲ್ಲಿ ಪತಂಗದ ರೆಕ್ಕೆಯ ಹುಡಿ ಹಾರುತ್ತದೆ. ಮೇಲೆ ಹೇಳಿದ ಸುಬ್ಬರಾವ್ ಅವರೂ ಸಹೋದ್ಯೋಗಿಗಳೂ ರೇಷ್ಮೆ ನೂಲು ತೆಗೆಯುವ ಕಾರ್ಖಾನೆಗಳ ಕಾರ್ಮಿಕರನ್ನು ಪರೀಕ್ಷಿಸಿ, ಅವರಲ್ಲಿ ಅನೇಕರ ಉಬ್ಬಸಕ್ಕೆ ರೇಷ್ಮೆಹುಳುವಿನ ಅಂಶಗಳೇ ಕಾರಣವೆಂದು ೧೯೮೫ರಲ್ಲಿ ಪ್ರಕಟಿಸಿದರು.

ನೂಲು ತೆಗೆಯುವ ತಾಯಂದಿರು ಕೆಮ್ಮನ್ನು ಕಸುಬಿನ ಜೊತೆಗೆ ಬಂದ ಪಡಿಪಾಟಲೆಂದು ಸಹಿಸಿಕೊಂಡು ಹೋಗುವುದನ್ನು ನಾವು ನೋಡುತ್ತ ಬಂದಿದ್ದೇವೆ. ರಜೆಯಲ್ಲಿ ತವರಿಗೆ ಹೋದಾಗ ಉಬ್ಬಸ ತಗ್ಗಿ, ಕೆಲಸಕ್ಕೆ ಮರಳಿದೊಡನೆ ಏರುವುದಾದರೆ ಅದು ಕಸುಬಿನಿಂದ ಬಂದ ಅಲರ್ಜಿಯೆಂದು ಶಂಕಿಸಿ ವೈದ್ಯರಿಗೆ ಆ ವಿವರವನ್ನು ತಪ್ಪದೆ ಹೇಳಬೇಕು. ಕಿಟಕಿ, ಹೊಗೆಗೊಳವೆಗಳಿಂದ ಆವಿ ಹೊರಹೋಗುವಂತೆ ಮಾಡುವುದು ಯಜಮಾನರ ಕರ್ತವ್ಯ. ಕಾಯಕವು ಪೂಜ್ಯವಾದುದು; ಕಾಯಕ ಮಾಡುವ ದೇಹವನ್ನು ಕಾಯುವುದೂ ಆ ಪೂಜ್ಯತೆಯೊಳಗೇ ಸೇರುತ್ತದೆ.

ಏಕೆ ಹೆಚ್ಚುತ್ತಿದೆ?

ಬೆಂಗಳೂರಿನ ಮಕ್ಕಳ ತಜ್ಞ ಡಾ. ಎಚ್. ಪರಮೇಶ್ ಅವರು ಆಸ್ಪತ್ರೆಗೆ ಬಂದ ಇಪ್ಪತ್ತು ಸಾವಿರ ಮಕ್ಕಳನ್ನು ಕುರಿತು ನಡೆಸಿದ ಅಧ್ಯಯನದಲ್ಲಿ, ೧೯೭೯ರಲ್ಲಿ ಶೇಕಡಾ ೯ರಷ್ಟಿದ್ದ ಉಬ್ಬಸವು ೧೯೯೯ರ ವೇಳೆಗೆ ಶೇಕಡಾ ೨೯.೫ಕ್ಕೆ ಏರಿತ್ತು. ಇಪ್ಪತ್ತು ವರ್ಷಗಳಲ್ಲಿ ಮನುಷ್ಯರ ಪ್ರಕೃತಿ ಬದಲಾಗುವುದಿಲ್ಲ. ಬದಲಾದದ್ದು ಸುತ್ತಣ ಗಾಳಿ, ವಾಹನಗಳ ಹೊಗೆ, ಮನೆಯ ರೀತಿ. ೨೦೦೮ರಲ್ಲಿ ದೇವನಹಳ್ಳಿಯಲ್ಲಿ ವಿಮಾನ ನಿಲ್ದಾಣ ಆರಂಭವಾದ ಮೇಲೆ ನಮ್ಮ ತಾಲ್ಲೂಕುಗಳೂ ನಗರದ ಧೂಳನ್ನು ಬಹುವೇಗವಾಗಿ ಹಂಚಿಕೊಳ್ಳುತ್ತಿವೆ.

ಇನ್ನೊಂದು ವಿಚಾರವೂ ಇದೆ. ಬ್ರಿಟನ್ನಿನ ಡೇವಿಡ್ ಸ್ಟ್ರಾಚನ್, ಅಣ್ಣ ಅಕ್ಕಂದಿರು ಹೆಚ್ಚಾಗಿರುವ ಮನೆಯ ಮಕ್ಕಳಲ್ಲಿ ಹುಲ್ಲುಜ್ವರ ಕಡಿಮೆಯೆಂದು ೧೯೮೯ರಲ್ಲಿ ತೋರಿಸಿದನು. ಶೈಶವದಲ್ಲಿ ಸೂಕ್ಷ್ಮಜೀವಿಗಳ ಸಂಪರ್ಕವಿದ್ದರೆ ದೇಹದ ಕಾವಲುಗಾರನಿಗೆ ನೆಂಟನಾರು, ಕಳ್ಳನಾರು ಎಂಬ ವಿವೇಕ ಕಲಿಸಿದಂತಾಗುತ್ತದೆಂದು ಊಹೆ. ಅಮೆರಿಕದಲ್ಲಿ ಯಂತ್ರಗಳನ್ನು ಬಿಟ್ಟು ಹಳೆಯ ರೀತಿಯಲ್ಲಿ ದನಕರುಗಳೊಡನೆ ಬಾಳುವ ಆಮಿಷ್ ಜನರ ಮಕ್ಕಳಲ್ಲಿ, ಯಂತ್ರಗಳಿಂದ ಬೇಸಾಯ ಮಾಡುವ ಹಟರೈಟ್ ಜನರ ಮಕ್ಕಳಿಗಿಂತ ಉಬ್ಬಸ ಬಹಳ ಕಡಿಮೆಯೆಂದು ೨೦೧೬ರ ಅಧ್ಯಯನವೊಂದು ತಿಳಿಸಿತು. ಒಂದೇ ಸೂರಿನಡಿ ಕೊಟ್ಟಿಗೆಯಿದ್ದ ನಮ್ಮ ಹಿರಿಯರ ಮನೆಗಳು ಇಲ್ಲಿ ನೆನಪಾಗುತ್ತವೆ. ಆದರೆ ಈಗಾಗಲೇ ಉಬ್ಬಸವಿರುವ ಮಗುವನ್ನು ಧೂಳಿಗೆ ದೂಡುವುದು ಚಿಕಿತ್ಸೆಯಲ್ಲ.

ಆಹಾರದ ವಿಷಯದಲ್ಲಿಯೂ ಅಭಿಪ್ರಾಯಗಳು ಬದಲಾಗಿವೆ. ಅಪಾಯದ ಸಂಭವವಿರುವ ೬೪೦ ಶಿಶುಗಳ ಮೇಲೆ ಲಂಡನ್ನಿನಲ್ಲಿ ನಡೆದು ೨೦೧೫ರಲ್ಲಿ ಪ್ರಕಟವಾದ ಪರೀಕ್ಷೆಯಲ್ಲಿ, ಮೊದಲ ವರ್ಷದಲ್ಲಿಯೇ ಕಡಲೆಕಾಯಿಯ ಅಂಶವನ್ನು ಉಣಿಸತೊಡಗಿದ ಶಿಶುಗಳಲ್ಲಿ ಅದರ ಅಲರ್ಜಿ, ಅದನ್ನು ತಪ್ಪಿಸಿದವರಿಗಿಂತ ಬಹಳ ಕಡಿಮೆಯಾಯಿತು. ಮೈಸೂರಿನ ಕೇಂದ್ರೀಯ ಆಹಾರ ತಾಂತ್ರಿಕ ಸಂಶೋಧನಾ ಸಂಸ್ಥೆಯ ವಿಜ್ಞಾನಿಗಳು ಬದನೆಕಾಯಿಯ ಅಲರ್ಜಿಯನ್ನೂ ಪರೀಕ್ಷಿಸಿದ್ದಾರೆ. ಬದನೆ ನಂಜು ಎಂದ ನಮ್ಮ ಅಜ್ಜಿಯರ ಮಾತು ಎಲ್ಲರಿಗೂ ಸಲ್ಲದಿದ್ದರೂ ಕೆಲವರ ಮಟ್ಟಿಗೆ ನಿಜವೇ.

ಗೃಹಸ್ಥರು ಅರಿಯಬೇಕಾದುದು

ಮೊದಲನೆಯದಾಗಿ, ಉಬ್ಬಸಕ್ಕೆ ಉಸಿರಿನೊಡನೆ ಎಳೆದುಕೊಳ್ಳುವ ಔಷಧದ ಬಗ್ಗೆ ಇರುವ ಅಂಜಿಕೆಯನ್ನು ಬಿಡಬೇಕು. ಇನ್‌ಹೇಲರ್ ಹಿಡಿದರೆ ಚಟವಾಗುತ್ತದೆಂಬುದು ನಿರಾಧಾರ. ಔಷಧವು ನೇರವಾಗಿ ಶ್ವಾಸನಾಳಕ್ಕೆ ತಲಪುವುದರಿಂದ ಅಲ್ಪ ಪ್ರಮಾಣವೇ ಸಾಲುತ್ತದೆ. ಪ್ರತಿದಿನ ತೆಗೆದುಕೊಳ್ಳಬೇಕಾದುದನ್ನು ಮೈ ಹಗುರವಾಯಿತೆಂದು ತಾವಾಗಿಯೇ ನಿಲ್ಲಿಸುವುದು ಅಪಾಯಕರ. ಮೃಗಶಿರಾ ಮಳೆಯ ದಿನ ಹೈದರಾಬಾದಿಗೆ ಹೋಗಿ ಮೀನಿನ ಮದ್ದನ್ನೋ, ಸಸ್ಯಾಹಾರಿಗಳಿಗೆಂದು ಬೆಲ್ಲದಲ್ಲಿ ಕೊಡುವುದನ್ನೋ ತೆಗೆದುಕೊಂಡು ಬಂದವರು ನಮ್ಮಲ್ಲಿಯೂ ಇದ್ದಾರೆ. ಅದರಿಂದ ಉಬ್ಬಸ ಗುಣವಾಗುತ್ತದೆಂಬುದಕ್ಕೆ ಶಾಸ್ತ್ರೀಯ ಪ್ರಮಾಣವಿಲ್ಲ. ಅದನ್ನು ನಂಬಿ ನಿತ್ಯದ ಔಷಧ ಬಿಟ್ಟವರು ಮಳೆಗಾಲದ ನಡುರಾತ್ರಿಯಲ್ಲಿ ಪಡುವ ಸಂಕಟ ಹೇಳತೀರದು.

ಎರಡನೆಯದಾಗಿ, ಆಹಾರ, ಔಷಧ ಅಥವಾ ಜೇನುನೊಣದ ಕಡಿತದ ನಂತರ ಮುಖ ಬಾತು, ಧ್ವನಿ ಕಟ್ಟಿ, ಉಸಿರು ಸಿಕ್ಕಿಕೊಂಡು, ತಲೆಸುತ್ತು ಬಂದರೆ ಮನೆಮದ್ದಿಗೆ ಕಾಲ ಕಳೆಯಬಾರದು. ಇದೇ ರಿಶೆಯು ಕಂಡ ಅನಾಫಿಲ್ಯಾಕ್ಸಿಸ್. ಅಡ್ರೆನಲಿನ್ ಚುಚ್ಚುಮದ್ದು ನಿಮಿಷಗಳಲ್ಲಿ ದೊರೆಯಬೇಕು. ಸಮೀಪದ ಆಸ್ಪತ್ರೆಗೆ ಧಾವಿಸುವುದೇ ಮಾರ್ಗ.

ಮೂರನೆಯದು ಪೂಜಾಗೃಹದ ವಿಚಾರ. ಉಬ್ಬಸದ ಮಗುವಿರುವ ಮನೆಯಲ್ಲಿ ಧೂಪ, ಊದುಬತ್ತಿಗಳ ಹೊಗೆಯನ್ನು ಕಡಿಮೆ ಮಾಡಿದರೆ ಶಿವಪೂಜೆಗೆ ಊನವಾಗದು. ಪತ್ರೆ, ಪುಷ್ಪ, ನೀರು ಸಾಲುತ್ತವೆ. ಅಂಟಿನ ಹಣೆಬೊಟ್ಟಿನಿಂದ ಹಣೆಯಲ್ಲಿ ತುರಿಕೆಯೋ ಬಿಳಿಕಲೆಯೋ ಆದರೆ ಅದನ್ನು ಬಿಟ್ಟು ಚರ್ಮವೈದ್ಯರನ್ನು ಕಾಣಬೇಕು.

ನಾಲ್ಕನೆಯದಾಗಿ, ಪಾರ್ಥೇನಿಯಂ ಗಿಡವನ್ನು ಹೂ ಬಿಡುವ ಮೊದಲೇ, ನೆಲ ಹಸಿಯಿರುವಾಗ, ಕೈಗವಸು ಧರಿಸಿ ಬೇರುಸಹಿತ ಕೀಳಬೇಕು. ಅಲರ್ಜಿಯಿರುವವರು ಈ ಕೆಲಸಕ್ಕೆ ಇಳಿಯಬಾರದು. ಒಬ್ಬರ ಹೊಲವನ್ನು ಶುಚಿಗೊಳಿಸಿದರೆ ಪಕ್ಕದ ಹೊಲದ ಬೀಜ ಹಾರಿಬರುತ್ತದೆ. ಆದುದರಿಂದ ಇಡೀ ಊರು ಒಂದುಗೂಡಿ ಮಾಡಬೇಕಾದ ಶ್ರಮದಾನವಿದು. ಶ್ರಾವಣದ ಕಾರ್ಯಕ್ರಮಗಳಲ್ಲಿ ಒಂದು ದಿನವನ್ನು ಇದಕ್ಕೆ ಮೀಸಲಿಡುವಂತೆ ಸಂಘಗಳನ್ನೂ ಯುವಕರನ್ನೂ ನಾವು ಪ್ರಾರ್ಥಿಸುತ್ತೇವೆ.

ಕೊನೆಯದು ಎಲ್ಲಕ್ಕಿಂತ ಮುಖ್ಯವಾದುದು. ನಮ್ಮ ಕುಟುಂಬಗಳಲ್ಲಿ ಹೆಣ್ಣುಮಕ್ಕಳ ಉಬ್ಬಸವನ್ನು ವಿವಾಹ ಸಂಬಂಧ ಕೂಡಿಬರುವವರೆಗೆ ಮುಚ್ಚಿಡುವುದು ಇನ್ನೂ ನಿಂತಿಲ್ಲ. ಬೀಗರ ಮನೆಯಲ್ಲಿ ಕಂಡುಹೋದೀತೆಂದು ಔಷಧವನ್ನು ಪೆಟ್ಟಿಗೆಯ ತಳದಲ್ಲಿಟ್ಟು, ಅದು ಬೇಕಾದ ಗಳಿಗೆಯಲ್ಲಿ ಕೈಗೆ ಸಿಗದೆ ಆ ಮಗು ನರಳುತ್ತದೆ. ಎರಡು ಸಾವಿರ ವರ್ಷಗಳ ಹುಡುಕಾಟದಿಂದ ಮನುಷ್ಯನು ತಿಳಿದುಕೊಂಡದ್ದು, ಈ ಬಾಧೆಯ ಕಾರಣವು ಪರಾಗದಲ್ಲಿ, ಧೂಳಿನಲ್ಲಿ, ದೇಹದೊಂದು ತಪ್ಪು ಗುರುತಿನಲ್ಲಿದೆಯೇ ಹೊರತು ಯಾರ ಕುಲದಲ್ಲಿಯೂ ನಡತೆಯಲ್ಲಿಯೂ ಅಲ್ಲ ಎಂಬುದನ್ನು. ಆದುದರಿಂದ ಹೆಣ್ಣು ಕೊಡುವವರು ಇದನ್ನು ಸಂಕೋಚವಿಲ್ಲದೆ ಹೇಳಲಿ. ಹೆಣ್ಣು ತರುವವರು ಇದನ್ನು ಕೇಳಿ ಸಂಬಂಧವನ್ನು ಮುರಿಯದಿರಲಿ. ಸೊಸೆಯ ಔಷಧವು ಅಡುಗೆಮನೆಯ ಗೂಡಿನಲ್ಲಿ ಎಲ್ಲರಿಗೂ ಕಾಣುವಂತೆ ಇರಲಿ. ಅದು ಎಲ್ಲಿದೆಯೆಂಬುದು ಅತ್ತೆಗೂ ಮಾವನಿಗೂ ಗೊತ್ತಿರಲಿ.